ಮಗ್ಗುಲು ಬದಲಿಸಿದ ಫ್ಲಾಪಿ

ಕತ್ರಿಗುಪ್ಪೆಯ ಬೀದಿಯಲ್ಲಿ ಪೇಪರ್ ಹಾಕುವವರ ಸೈಕಲ್ ಬಿಟ್ಟರೆ ಇನ್ನೂ ಬೇರೆ ಸದ್ದಿಲ್ಲ. ಅಡುಗೆಮನೆಯ ನಲ್ಲಿಯ ಕೆಳಗೆ ಉಮಾಮಹೇಶ್ವರಿ ಕಪ್ಪು ತಟ್ಟೆಯೊಂದನ್ನು ತೊಳೆಯುತ್ತಿದ್ದಾರೆ. ಹಪ್ಪಳದಷ್ಟು ಅಗಲ, ಅದಕ್ಕಿಂತ ತೆಳು. ಹಳೆಯ ಕಂಪ್ಯೂಟರಿನಲ್ಲಿ ಮಾಹಿತಿ ತುಂಬಿಡುತ್ತಿದ್ದ ಫ್ಲಾಪಿಯನ್ನು ಬಿಚ್ಚಿದರೆ ಸಿಗುವುದು ಇದೇ. ಪಾತ್ರೆ ಸೋಪಿನ ಒಂದು ಹನಿ, ಬೆರಳ ತುದಿಯ ಒತ್ತಡ. ಬೂಷ್ಟು ಮೆಲ್ಲಗೆ ಬಿಡುತ್ತದೆ.

“ಉಜ್ಜಬಾರ್ದು. ಕೂಸಿನ ಕೆನ್ನೆ ತೊಳೀತೀವಲ್ಲ, ಹಾಗೆ,” ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾ ಹಳೆಯ ಪಂಚೆಯ ತುಂಡಿನ ಮೇಲೆ ಅದನ್ನು ಆರಹಾಕುತ್ತಾರೆ.

ಫ್ಲಾಪಿ ಇಟ್ಟಮಡುವಿನ ಭಾಗ್ಯಜ್ಯೋತಿಯವರದು. ಅವರ ತಂದೆ ಶಾಲೆಯ ಮೇಷ್ಟ್ರಾಗಿದ್ದವರು. ಶಾಲೆಗೆ ಮೊದಲ ಕಂಪ್ಯೂಟರ್ ಬಂದಾಗ, ಮಗಳಿಗೆ ಹಾಡುತ್ತಿದ್ದ ಜೋಗುಳವನ್ನು ಸ್ವರಕ್ಕೊಂದು ಅಂಕಿಯಂತೆ ಬರೆದು ಅದರಿಂದ ನುಡಿಸಿದ್ದರಂತೆ. ಈಗ ಅವರಿಲ್ಲ, ಅವರ ದನಿಯನ್ನು ಯಾರೂ ಹಿಡಿದಿಡಲಿಲ್ಲ. ಉಳಿದಿದ್ದರೆ ಈ ಫ್ಲಾಪಿಯಲ್ಲಿ ಆ ಜೋಗುಳವೊಂದು ಉಳಿದಿರಬೇಕು.

ಉಮಾಮಹೇಶ್ವರಿ ಎಪ್ಪತ್ತರ ದಶಕದಲ್ಲಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗ ಸೇರಿದವರು. ರಟ್ಟಿನ ಕಾರ್ಡುಗಳಲ್ಲಿ ತೂತು ಒತ್ತುವ ಕೆಲಸ. ಯಂತ್ರ ಓದುತ್ತಿದ್ದುದು ಆ ತೂತುಗಳನ್ನೇ. ಕಾರ್ಡುಗಳ ಕಾಲ ಮುಗಿದಾಗ ಅವರನ್ನು ಟೈಪಿಂಗ್‌ಗೆ ಹಾಕಿದರು. ಸಂಜೆ ಉಳಿದುಕೊಂಡು ಹೊಸ ಯಂತ್ರಗಳನ್ನು ತಾವೇ ಕಲಿತರು. ಕಾರ್ಖಾನೆ ಗುಜರಿಗೆ ಹಾಕಿದ ಒಂದನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದರು. ಅಂದಿನಿಂದ ಆ ಗೀಳು ಬಿಟ್ಟಿಲ್ಲ. ಒಳಕೋಣೆಯಲ್ಲಿ ಈಗ ಅಂಥ ಹಲವು ಯಂತ್ರಗಳಿವೆ.

ಭಾನುವಾರವಾದ್ದರಿಂದ ವೆಂಕಟಾಚಲ ಬಂದಿದ್ದಾರೆ. ಅದೇ ಕಾರ್ಖಾನೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದವರು.

“ಆಗ ಮಿಷಿನ್‌ಗೆ ಏಸಿ, ಚಪ್ಪಲಿ ಹೊರಗೆ. ಈ ಮೇಡಂ ಮೇ ತಿಂಗಳಲ್ಲೂ ಸ್ವೆಟರ್ ಹಾಕ್ಕೊಂಡು ಕೂತಿರೋರು.”

“ನೀವು ರಿಪೇರಿ ಅಂತ ಬಂದು ತಣ್ಣಗೆ ನಿದ್ದೆ ಹೊಡೀತಿದ್ರಲ್ಲ, ಅದನ್ನೂ ಹೇಳಿ.”

ಭಾಗ್ಯಜ್ಯೋತಿ ಬರುವಷ್ಟರಲ್ಲಿ ತಟ್ಟೆ ಆರಿದೆ. ಉಮಾಮಹೇಶ್ವರಿ ಫ್ಲಾಪಿಯ ಹಳೆಯ ಕವರನ್ನು ಕಸದ ಬುಟ್ಟಿಗೆ ಹಾಕಿ, ತಟ್ಟೆಯನ್ನು ಹೊಸ ಕವರಿಗೆ ಸೇರಿಸಿ, ಆ ಶಾಲೆಯಲ್ಲಿದ್ದಂಥದೇ ಯಂತ್ರಕ್ಕೆ ತೂರಿಸುತ್ತಾರೆ. ಪರದೆಯ ಮೇಲೆ ಮಗ್ಗಿ ಬರುತ್ತದೆ. ಮಕ್ಕಳಿಗಾಗಿ ಮೇಷ್ಟ್ರು ಮಾಡಿದ ಮಗ್ಗಿಯ ಪಾಠ. ಜೋಗುಳ ಇಲ್ಲ.

“ಪರವಾಗಿಲ್ಲ ಆಂಟಿ. ಇಷ್ಟು ಮಾಡಿದ್ರಲ್ಲ.” ಭಾಗ್ಯಜ್ಯೋತಿ ಬ್ಯಾಗು ಎತ್ತಿಕೊಳ್ಳುತ್ತಾರೆ.

“ಕೂತ್ಕೋಮ್ಮ. ಕಾಫಿ ಕುಡಿದು ಹೋಗು.” ಅವರನ್ನು ಬರಿಗೈಯಲ್ಲಿ ಮೆಟ್ಟಿಲಿಳಿಸಲು ಉಮಾಮಹೇಶ್ವರಿಗೆ ಮನಸ್ಸಿಲ್ಲ.

ಬಾಳೆಹಣ್ಣಿನ ಸಿಪ್ಪೆ ಹಾಕಲು ಹೋದ ವೆಂಕಟಾಚಲ ಬುಟ್ಟಿಯಿಂದ ಹಳೆಯ ಕವರನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ.

“ಮೇಡಂ, ಮೇಷ್ಟ್ರೂ ನಮ್ಮ ಥರಾನೇ ಜುಗ್ಗರು. ಇಲ್ನೋಡಿ.”

ಒಂದಂಚಿನ ಕಚ್ಚು ಕಂಪನಿಯದು; ಅದಿದ್ದರಷ್ಟೇ ಯಂತ್ರ ಆ ಬದಿಗೆ ಬರೆಯುತ್ತಿತ್ತು. ಎದುರಂಚಿನದು ಕತ್ತರಿಯಿಂದ ಕೈಯಾರೆ ಕತ್ತರಿಸಿದ್ದು. ಪಕ್ಕದಲ್ಲೇ ಕೊರೆದ ತೂತು. ಫ್ಲಾಪಿ ಸಿಗುವುದೇ ಕಷ್ಟವಾಗಿದ್ದ ಆ ದಿನಗಳಲ್ಲಿ ಹೀಗೆ ಮಾಡಿ, ಮಗುಚಿ ಹಾಕಿ, ಬೆನ್ನಿನ ಬದಿಗೂ ತುಂಬುತ್ತಿದ್ದರು.

“ಹೊಸ ಕವರ್ ಹಾಕೋ ಆತುರದಲ್ಲಿ ನಾನು ನೋಡ್ಲೇ ಇಲ್ಲ,” ಎಂದು ಉಮಾಮಹೇಶ್ವರಿ ತಟ್ಟೆಯನ್ನು ಹೊರತೆಗೆದು, ಮಗ್ಗುಲು ಬದಲಿಸಿ, ಮತ್ತೆ ಯಂತ್ರಕ್ಕೆ ತೂರಿಸುತ್ತಾರೆ. ಫ್ಯಾನ್ ನಿಲ್ಲಿಸಿ, ತಮ್ಮ ಕುರ್ಚಿಯನ್ನು ಭಾಗ್ಯಜ್ಯೋತಿಯವರಿಗೆ ಬಿಟ್ಟುಕೊಡುತ್ತಾರೆ. “ನೀನೇ ಒತ್ತಮ್ಮ.”

ಯಂತ್ರ ಕೀರಲು ದನಿಯಲ್ಲಿ ಹಾಡತೊಡಗುತ್ತದೆ. ನಡುವೆ ಒಂದು ಸ್ವರ ಜಾರುತ್ತದೆ. ಭಾಗ್ಯಜ್ಯೋತಿ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಾರೆ. “ಅಪ್ಪ ಹಾಡೋವಾಗ್ಲೂ ಇಲ್ಲೇ ತಪ್ಪೋರು.”

ಉಮಾಮಹೇಶ್ವರಿ ಅದನ್ನು ಪೆನ್‌ಡ್ರೈವ್‌ಗೆ ನಕಲು ಮಾಡಲು ಕೂರುತ್ತಾರೆ.

“ಒಂದು ಅಂಕಿ ಬದಲಾಯಿಸಿದ್ರೆ ಸ್ವರ ಸರಿಹೋಗುತ್ತೆ,” ಎನ್ನುತ್ತಾರೆ ವೆಂಕಟಾಚಲ.

“ಬೇಡ ರೀ. ಕಾರ್ಡ್ ಒತ್ತೋಕೆ ಕೂರಿಸಿದಾಗ ನಂಗೆ ಹೇಳ್ಕೊಟ್ಟಿದ್ದು ಒಂದೇ: ಬರೆದೋರು ಹೇಗೆ ಬರೆದಿದಾರೋ ಹಾಗೇ ಒತ್ತು ಅಂತ.” ಕಣ್ಣು ಪರದೆಯ ಮೇಲೇ ಇದೆ. “ಇವತ್ತಿನವರೆಗೂ ಹಾಗೇ ಒತ್ತಿದೀನಿ.”