ಗೋಡೆಗೆ ಹತ್ತಿರದ ಮರ

ಇಂದು ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬಳು ಕಪ್ಪು ಪ್ಲಾಸ್ಟಿಕ್ ಚೀಲದ ಸಸಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಒದ್ದೆ ಕೆಂಪುಮಣ್ಣಿನ ವಾಸನೆ ಉತ್ತರಪತ್ರಿಕೆಗಳ ಮೇಲೆಲ್ಲ ಹರಡಿತು. ನಂದಿಬಟ್ಟಲು. ವಿರಾರ್‌ನಲ್ಲಿ ನೆಲಮಹಡಿಯ ಫ್ಲಾಟ್ ಕೊಂಡಿದ್ದಾಳಂತೆ, ಇದನ್ನು ಗೋಡೆಗೆ ಹತ್ತಿರ ನೆಟ್ಟರೆ ಪಾಯಕ್ಕೆ ಏನಾದರೂ ಆದೀತೇ ಎಂದು ಕೇಳಿದಳು.

ನಾನು ವಿಲೆ ಪಾರ್ಲೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಇಂಥ ಪ್ರಶ್ನೆಗಳು ಹೊಸತಲ್ಲ. ನೀವು ಕೇಳಿದರೂ ಹೇಳುತ್ತಿದ್ದೆ: ನರ್ಸರಿಯಲ್ಲಿ ಹೂವು ನೋಡಿ ಮರುಳಾಗಬೇಡಿ, ಹತ್ತು ವರ್ಷದ ನಂತರ ಅದೆಷ್ಟು ಎತ್ತರವಾಗುತ್ತದೆಂದು ಕೇಳಿ, ಬೇರು ಎತ್ತ ಹರಿಯುತ್ತದೆಂದು ತಿಳಿದುಕೊಳ್ಳಿ, ಚರಂಡಿ ಪೈಪು ಎಲ್ಲಿದೆಯೆಂದು ನೋಡಿ. ಹೀಗೆ ಷರತ್ತುಗಳನ್ನು ಪೋಣಿಸುವುದು ನನ್ನ ಸ್ವಭಾವ. ಹಸಿವಾಗಿದೆಯೇ ಎಂದು ಅಮ್ಮ ಕೇಳಿದರೂ ನಾನು 'ಬಹುಶಃ' ಎನ್ನುವವಳು.

ಮೂರು ವರ್ಷದ ಹಿಂದಿನ ಮಾತು. ಎಂ.ಎಸ್‌ಸಿ. ಮುಗಿಸಿ ಮನೆಯಲ್ಲಿದ್ದೆ. ಜೋಗೇಶ್ವರಿಯ ನಮ್ಮ ಬಿಲ್ಡಿಂಗಿನ ನೆಲಮಹಡಿಯಲ್ಲಿ, ಆಗಲೂ ಈಗಲೂ, ಗಿರಿಜಕ್ಕ ಒಬ್ಬರೇ ಇದ್ದಾರೆ. ಉಡುಪಿ ಕಡೆಯವರು. ಹೋಟೆಲಿನಲ್ಲಿ ಅಡುಗೆಯವರಾಗಿದ್ದ ಗಂಡ ತೀರಿಹೋದ ಮೇಲೆ ಇಲ್ಲಿಗೆ ಬಂದು, ಸೀರೆಗಳಿಗೆ ಫಾಲ್ ಹೊಲಿದು ಬದುಕುತ್ತಿದ್ದರು. ಹೊಲಿಗೆಗೆ ಬೆಳಕು ಬೇಕು, ಬೆಳಕಿಗೆ ಕಿಟಕಿ ತೆರೆಯಬೇಕು, ತೆರೆದರೆ ಗೇಟಿನಿಂದ ಬರುವವರೆಲ್ಲ ಒಳಗೆ ಕಣ್ಣು ಹಾಕುತ್ತಾರೆ. ಅದಕ್ಕೆಂದೇ ಅವರು ಈ ಮನೆಗೆ ಬಂದ ವರ್ಷ ಕಿಟಕಿಯ ಮುಂದೆ ನಂದಿಬಟ್ಟಲು ನೆಟ್ಟಿದ್ದರು. ತೋಳಿನಷ್ಟು ದಪ್ಪವಾಗಿ, ಎಲೆಗಳ ಸಂದಿಯಿಂದ ಬೆಳಕನ್ನಷ್ಟೇ ಒಳಗೆ ಬಿಟ್ಟು, ಕಿಟಕಿಯನ್ನು ಮರೆಮಾಡಿ ಅದು ಬೆಳೆದಿತ್ತು. ಮರಾಠಿಯವರು ತಗರ್ ಎನ್ನುತ್ತಿದ್ದರು. ಬೆಳಿಗ್ಗೆ ಪೂಜೆಗೆ ಹೂವು ಕೊಯ್ಯಲು ಎಲ್ಲ ಮಹಡಿಯವರೂ ಬರುತ್ತಿದ್ದರು. ಅದನ್ನು ಕಡಿಯಬೇಕೆಂದು ಸೊಸೈಟಿ ಮೀಟಿಂಗಿನಲ್ಲಿ ಕೈಯೆತ್ತಿದವರೂ ಅವರೇ.

ಕಾರಣ, ಆ ಕಿಟಕಿಯ ಕೆಳಗಿನ ಗೋಡೆ ಬಿರುಕು ಬಿಟ್ಟಿತ್ತು. ಬೇರಿನಿಂದಲೇ ಎಂದು ಯಾರೋ ಹೇಳಿದರು, ಉಳಿದವರು ಒಪ್ಪಿದರು. ಬೈಕು ನಿಲ್ಲಿಸಲು ಜಾಗ ಸಾಲುತ್ತಿಲ್ಲವೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಗಿರಿಜಕ್ಕ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. "ನೀನು ಇಂಗ್ಲಿಷಲ್ಲಿ ಒಂದು ಬರೆದು ಕೊಡು ಮಾರಾಯ್ತಿ. ನಾನು ಹೇಳಿದ್ರೆ ಇವರು ಕೇಳುದಿಲ್ಲ. ಓದಿದವರು ಹೇಳಿದ್ರೆ ಕೇಳ್ತಾರೆ."

ಬರೆದುಕೊಟ್ಟೆ. ನಂದಿಬಟ್ಟಲಿನ ಬೇರು ಸಾಮಾನ್ಯವಾಗಿ ಪಾಯಕ್ಕೆ ಹಾನಿ ಮಾಡುವುದಿಲ್ಲ ಎಂದು ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೂ ಅಗೆದು ನೋಡದೆ ಖಚಿತವಾಗಿ ಹೇಳಲಾಗದು ಎಂದು ಸೇರಿಸಿದೆ. ಆ ಬೇರು ನಿರುಪದ್ರವಿಯೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನಾಳೆ ಯಾರಾದರೂ ನನ್ನ ಮಾತು ತಪ್ಪೆಂದು ತೋರಿಸಬಾರದಲ್ಲ. ಪ್ರಾಮಾಣಿಕತೆ ಎಂದುಕೊಂಡೆ. ಈಗ ಅದಕ್ಕೆ ಬೇರೆ ಹೆಸರಿಟ್ಟಿದ್ದೇನೆ.

ನಮ್ಮ ಸೆಕ್ರೆಟರಿ ದೇಸಾಯಿ ಅಂಕಲ್ ಧಾರವಾಡದ ಕಡೆಯವರು. ಮೀಟಿಂಗಿನಲ್ಲಿ ಮೊದಲ ವಾಕ್ಯ ಬಿಟ್ಟು ಎರಡನೆಯದನ್ನಷ್ಟೇ ಓದಿದರು. "ಖಾತ್ರಿ ಇಲ್ಲಂತ ಬಾಟನಿ ಓದಿದ ಹುಡುಗೀನ ಬರದಾಳ. ಮತ್ತೇನ್ ಬೇಕು?" ನಾನು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಗದದಲ್ಲಿ ಎಲ್ಲವೂ ಇದೆ, ಓದುವವರು ಓದಿಕೊಳ್ಳುತ್ತಾರೆ ಎಂದು ಸುಮ್ಮನಿದ್ದೆ. ಕೇಳಿದ ಗಿರಿಜಕ್ಕನಿಗೆ, ದೇಸಾಯಿ ಸುಳ್ಳು ಹೇಳುತ್ತಿದ್ದಾರೆಂದು ಅನ್ನಿಸಿತು. ತಾವೇ ಓದಿ ನೋಡಲು ಅವರಿಗೆ ಇಂಗ್ಲಿಷ್ ಬಾರದು.

ಮರ ಕಡಿದರು. ತಿಂಗಳೊಳಗೆ ಗೋಡೆ ರಿಪೇರಿಗೆ ಬಂದವರು ಅಗೆದು ನೋಡಿದರೆ ಚರಂಡಿ ಪೈಪು ಒಡೆದು ನೀರು ಜಿನುಗುತ್ತಿತ್ತು. ಪೈಪು ಬದಲಾಯಿಸಿದರು, ಸಿಮೆಂಟು ಹಾಕಿದರು, ಆರು ಬೈಕು ನಿಂತವು.

ಆಮೇಲೆ ಸೊಸೈಟಿಯವರಲ್ಲಿ ನನಗೆ ಮರ್ಯಾದೆ ಹೆಚ್ಚಿತು. ಗೇಟಿನ ಪಕ್ಕ, ಪಾಯದ ಉದ್ದಕ್ಕೂ ಚಂದಕ್ಕೆ ಸಣ್ಣ ಮರಗಳನ್ನು ಹಾಕಬೇಕು, ನೀನೇ ಆರಿಸು ಎಂದರು. ನಾಚಿಕೆಯಿಲ್ಲದೆ ಒಪ್ಪಿಕೊಂಡು ಎರಡು ದಿನ ಕೂತು ಪಟ್ಟಿ ಮಾಡಿದೆ. ಬೇರು ಮೆತ್ತಗಿರಬೇಕು, ಎತ್ತರ ಮಿತವಾಗಿರಬೇಕು, ಹಣ್ಣು ಬಿದ್ದು ಅಂಟಬಾರದು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಪಟ್ಟಿಯ ಮೊದಲಿಗೆ ನಂದಿಬಟ್ಟಲೇ ಬಂತು. ದೇಸಾಯಿ ಅಂಕಲ್ ನಕ್ಕರು. "ಅದನ್ನ ಈಗಷ್ಟ ಕಡಿಸೇವಲ್ಲವಾ, ಮತ್ತ ಅದನ್ನ ಹಚ್ಚಿದ್ರ ಮಂದಿ ನಗತಾರ. ಬ್ಯಾರೆ ಏನರ ಹೇಳು." ಗಿಡ್ಡ ಜಾತಿಯ ಎರಡು ದೇವಕಣಗಿಲೆ ಹೇಳಿದೆ. ಚೆನ್ನಾಗಿ ಬಂದಿವೆ. ಬಂದವರೆಲ್ಲ ಅವುಗಳ ಮುಂದೆ ನಿಂತು ಫೋಟೋ ತೆಗೆಯುತ್ತಾರೆ.

ಗಿರಿಜಕ್ಕ ಕಿಟಕಿ ಮುಚ್ಚಿ, ನಡುಹಗಲಿನಲ್ಲೂ ಟ್ಯೂಬ್‌ಲೈಟ್ ಹಾಕಿ ಹೊಲಿಯುತ್ತಾರೆ. ನಾನು ಸ್ಟೇಷನ್‌ಗೆ ಹೋಗುವಾಗ ಕರೆದು ನೀರುದೋಸೆ ಕೊಡುತ್ತಿದ್ದರು. ಮನೆಗೆ ಬಂದವರಿಗೆಲ್ಲ ನನ್ನ ಪತ್ರದ ಜೆರಾಕ್ಸ್ ತೋರಿಸಿ, ಇಡೀ ಬಿಲ್ಡಿಂಗಿನಲ್ಲಿ ತಮ್ಮ ಪರ ನಿಂತದ್ದು ಇವಳೊಬ್ಬಳೇ ಎನ್ನುತ್ತಿದ್ದರು. ಮೂರು ವರ್ಷ ನಾನು ದೋಸೆ ತಿಂದೆ.

ಇಂದು ಸಹೋದ್ಯೋಗಿಗೆ, ನೆಡು, ಏನೂ ಆಗುವುದಿಲ್ಲ ಎಂದೆ. ಷರತ್ತಿಲ್ಲದೆ, ಒಂದೇ ಉಸಿರಿಗೆ. ಎಷ್ಟು ಸುಲಭವಾಗಿ ಬಂತು ಆ ಮಾತು! ಸಂಜೆ ಮನೆಗೆ ಬಂದವಳು ಮೆಟ್ಟಿಲು ಹತ್ತದೆ ನೇರ ಗಿರಿಜಕ್ಕನ ಮನೆಗೆ ಹೋದೆ. ಆ ಜೆರಾಕ್ಸ್ ಕೊಡಿ, ಕನ್ನಡದಲ್ಲಿ ಓದಿ ಹೇಳುತ್ತೇನೆ ಎಂದೆ. ಖುಷಿಯಿಂದ ತಂದುಕೊಟ್ಟರು.

ಎರಡೂ ವಾಕ್ಯ ಓದಿದೆ. ಅವರ ಸೂಜಿ ನಿಂತಿತು. ಎರಡನೆಯದನ್ನು ಇನ್ನೊಮ್ಮೆ ಓದಲು ಹೇಳಿದರು. ಓದಿದೆ. ನನಗೆ ಗೊತ್ತಿದ್ದೂ ಹಾಗೆ ಬರೆದೆ ಎಂದು ಸೇರಿಸಿದೆ.

ಅವರು ಜೆರಾಕ್ಸನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಿಸಿದರು. "ಇದನ್ನು ನಾನು ಎಷ್ಟು ಜನಕ್ಕೆ ತೋರಿಸಿದ್ದೇನೆ ಗೊತ್ತುಂಟಾ ನಿನಗೆ?"

ಕ್ಷಮಿಸಿ ಎಂದೆ. ಅವರು ಸೂಜಿ ಎತ್ತಿಕೊಂಡರು. ಮತ್ತೆ ಹೊಲಿಯತೊಡಗಿ, ತಲೆಯೆತ್ತದೆ ಹೇಳಿದರು: "ಹೋಗುವಾಗ ಬಾಗಿಲು ಎಳ್ಕೊಂಡು ಹೋಗು."

ಕಿಟಕಿ ಮುಚ್ಚಿದಂದಿನಿಂದ ಆ ಮನೆಗೆ ಗಾಳಿ ಬರುವುದು ಆ ಬಾಗಿಲಿನಿಂದ ಮಾತ್ರ. ರಾತ್ರಿ ಮಲಗುವವರೆಗೂ ಅದು ತೆರೆದೇ ಇರುತ್ತದೆ. ನಾನು ಎಳೆದುಕೊಂಡು ಬಂದೆ.