ಟವೆಲ್ಲು ಹಾಸಿದ ಸೀಟು

ಕಾಕಾನ ಬಲಭುಜ ಎಡಭುಜಕ್ಕಿಂತ ತಗ್ಗಿತ್ತು. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಹಮಾಲಿ ಮಾಡಿ ಮಾಡಿ ಹಾಗೆ ಇಳಿದು ನಿಂತ ಭುಜ. ಅದರ ಮೇಲೆ ಸದಾ ಒಂದು ಕೆಂಪು ಟವೆಲ್ಲು. ನಮ್ಮ ಓಣಿಯವರು, ಖಾಲಿ ಚೀಲದ ವ್ಯಾಪಾರಕ್ಕೆ ನನ್ನನ್ನು ಹಚ್ಚಿದವರೂ ಅವರೇ. “ತಮ್ಮಾ, ಚೀಲದ ಬಾಯಿ ನೋಡಿ ರೇಟು ಹೇಳಬ್ಯಾಡ. ಒಳಗ ಕೈ ಹಾಕಿ ತಳದ ಹೊಲಿಗಿ ಮುಟ್ಟಿ ನೋಡು” ಎನ್ನುತ್ತಿದ್ದರು. ಈ ದಂಧೆಗೆ ಬರುವವರಿಗೆ ನಾನೂ ಇದನ್ನೇ ಹೇಳುತ್ತೇನೆ.

ಗಂಗಾವತಿ ಸಂತೆಯ ದಿನ ನಮ್ಮೂರಲ್ಲಿ ಸರ್ಕಾರಿ ಬಸ್ಸು ಹತ್ತಿದ ಕೂಡಲೇ ಕಾಕಾ ಟವೆಲ್ಲನ್ನು ಪಕ್ಕದ ಸೀಟಿನ ಮೇಲೆ ಹಾಸುತ್ತಿದ್ದರು. ಬಸ್ಸು ದೊಡ್ಡ ರಸ್ತೆ ಬಿಟ್ಟು, ಕಾಲುವೆ ದಾಟಿ, ಒಂದು ಸಣ್ಣ ಹಳ್ಳಿಗೆ ಹೋಗುತ್ತಿತ್ತು. ಅಲ್ಲಿ ಅವರ ಅಕ್ಕ ಹತ್ತಿ, ಟವೆಲ್ಲು ಸರಿಸಿ ಕೂರುತ್ತಿದ್ದರು. ಕಾಕಾ ತಮ್ಮ ಮಗಳನ್ನು ಅಕ್ಕನ ಮಗನಿಗೆ ಕೊಡದೆ ಹೊರಗೆ ಕೊಟ್ಟ ಮೇಲೆ ಎರಡೂ ಮನೆಗಳ ಹೋಗಿಬರುವುದು ನಿಂತಿತ್ತು. ಬಸ್ಸಿನಲ್ಲೂ ಮಾತಿಲ್ಲ. ಗಂಗಾವತಿ ಬರುವವರೆಗೆ ಒಂದೇ ಪೊಟ್ಟಣದ ಚುರುಮುರಿ ತಿನ್ನುತ್ತಿದ್ದರು, ಅಷ್ಟೇ.

“ಮನಿಗೇ ಹೋಗಿ ಬರ್ರಿ ಕಾಕಾ” ಎಂದೆ ಒಮ್ಮೆ.

“ನಾ ಹ್ವಾದ್ರ ನಾ ಸೋತಂಗ, ಅಕಿ ಬಂದ್ರ ಅಕಿ ಸೋತಂಗ. ಬಸ್ಸು ಯಾರ ಮನಿನೂ ಅಲ್ಲಲ್ಲ, ತಮ್ಮಾ.”

ಲಾಸ್ ಆಗುತ್ತದೆಂದು ಸರ್ಕಾರಿ ಬಸ್ಸು ನಿಂತು, ಆ ಮಾರ್ಗ ಖಾಸಗಿ ಸಾಹುಕಾರನೊಬ್ಬನ ಪಾಲಾಯಿತು. ಅವನ ಬಸ್ಸು ದೊಡ್ಡ ರಸ್ತೆ ಬಿಟ್ಟು ಇಳಿಯಲಿಲ್ಲ. ವ್ಯಾಪಾರಿಯಾದ ನನಗೆ ಅದು ಸರಿಯೆಂದೇ ಅನಿಸಿತು. ಕಾಕಾ ಮಾತ್ರ ಟವೆಲ್ಲು ಹಾಸುವುದನ್ನು ಬಿಡಲಿಲ್ಲ.

“ಏ ಮುತ್ಯಾ, ಟವೆಲ್ಲಿಗೂ ಟಿಕೀಟು ತಗೋತಿಯೇನು?” ಎಂದ ಕ್ಲೀನರ್.

“ಕೊಡಪಾ, ಅರ್ಧಾ ಕೊಡು.”

ಬಸ್ಸೆಲ್ಲ ನಕ್ಕಿತು. ಹಿಂದೆ ಸರಿಯುತ್ತಿದ್ದ ಹಳ್ಳಿಯ ತಿರುವನ್ನೇ ಕಾಕಾ ನೋಡುತ್ತಿದ್ದರು.

ಅದನ್ನು ಕಂಡ ಮೇಲೆ ನಾನು ಸಾಹುಕಾರನೊಡನೆ ಚೌಕಾಸಿಗೆ ಕುಳಿತೆ. ಚೌಕಾಸಿಯಲ್ಲಿ ಮೊದಲು ಎದುರಿನವನ ಬಳಿ ಏನು ಖಾಲಿ ಬಿದ್ದಿದೆ ನೋಡಬೇಕು. ಅವನ ಬಸ್ಸಿನ ಟಾಪು ಖಾಲಿ ಹೋಗುತ್ತಿತ್ತು. ನನ್ನ ಚೀಲಗಳನ್ನೆಲ್ಲ ಅದಕ್ಕೇ ಹಾಕುತ್ತೇನೆ, ಸಂತೆಯ ದಿನ ಹಳ್ಳಿಯೊಳಗೆ ಹೋಗಬೇಕು ಎಂದೆ.

“ಒಂದ್ ಸಲ ನೋಡೂಣ್ರಿ. ಮಂದಿ ಇದ್ರ ಮುಂದೂ ಬಿಡ್ತೀನಿ” ಎಂದ.

ಬಸ್ಸು ಕಾಲುವೆ ದಾಟಿತು. ಕಾಕಾ ಟವೆಲ್ಲಿನ ಸುಕ್ಕು ಸರಿಮಾಡಿದರು. ಹಳ್ಳಿಯ ಕಟ್ಟೆಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಬಸ್ಸು ಬಾರದೆ ಬಾರದೆ ಜನ ಕಾಯುವುದನ್ನೇ ಬಿಟ್ಟಿದ್ದರು. ಡ್ರೈವರ್ ಉದ್ದಕ್ಕೆ ಹಾರ್ನ್ ಹೊಡೆದ, ಆಮೇಲೆ ತಿರುಗಿಸಿದ. ಕಾಕಾ ಟವೆಲ್ಲು ಮಡಚಿ ಭುಜಕ್ಕೆ ಹಾಕಿಕೊಂಡರು. ಮತ್ತೆಂದೂ ಸಂತೆಗೆ ಬರಲಿಲ್ಲ.

ಅವರು ತೀರಿಕೊಂಡ ದಿನ ಅಕ್ಕ ಬಂದರು. ಎಷ್ಟೋ ವರ್ಷಗಳ ಮೇಲೆ ಆ ಹೊಸ್ತಿಲು ದಾಟಿ, ತಮ್ಮನ ತಗ್ಗಿದ ಭುಜದ ಮೇಲೆ ಕೈಯಿಟ್ಟು ಕುಳಿತರು. ಒಂದು ದಿನ ಬಸ್ಸು ನಿಮ್ಮೂರಿಗೆ ಬಂದಿತ್ತು, ಕಾಕಾ ಅದರಲ್ಲಿದ್ದರು ಎಂದು ನಾನು ಹೇಳಿದೆ.

“ಹಾರ್ನ್ ಕೇಳಿತ್ತೋ ಯಪ್ಪಾ” ಎಂದರು. “ಯಾರದೋ ಮದುವಿ ಗಾಡಿ ಅನ್ಕೊಂಡು ಒಳಗ ಕುಂತೆ.”