ಕಂಬಳಿಯೇ ಗೆರೆಯಾಗಿದ್ದ ಫುಟ್‌ಬಾಲ್

ಆಗೆಲ್ಲ, ಅಂದರೆ ಎಪ್ಪತ್ತರ ದಶಕದಲ್ಲಿ, ಹಿರಿಯೂರಿನ ಕಾಲೇಜು ಮೈದಾನದಲ್ಲಿ ಫುಟ್‌ಬಾಲ್ ನೋಡಲು ಟಿಕೆಟ್ ಬೇಕಿರಲಿಲ್ಲ, ಕಂಬಳಿ ಬೇಕಿತ್ತು. ರಾಗಿ ಒಕ್ಕಣೆ ಮುಗಿದ ಚಳಿಗಾಲದಲ್ಲಿ ಭಾನುವಾರ ಮ್ಯಾಚ್ ಇದೆಯೆಂದರೆ, ನನ್ನ ಅಪ್ಪನ ತಾಯಿ ಈರಜ್ಜಿ ನಮ್ಮೂರು ಆದಿವಾಲದಿಂದ ಬೆಳಕು ಹರಿಯುವಾಗಲೇ ಹೊರಡುತ್ತಿದ್ದಳು. ಹೆಗಲ ಮೇಲೆ ಕಂಬಳಿ, ಮಡಿಲಲ್ಲಿ ಹುರಿದ ಕಡಲೆಕಾಯಿ, ಹಿಂದೆ ಹತ್ತು ವರ್ಷದ ನಾನು. "ಹೆಣ್ಣುಡುಗಿಗೆ ಎಂಥ ಫುಟ್‌ಬಾಲು?" ಎಂದು ಓಣಿಯವರು ಕೇಳಿದರೆ ಅಜ್ಜಿ ನಡಿಗೆ ನಿಲ್ಲಿಸದೆ ಹೇಳುತ್ತಿದ್ದಳು: "ಯಾಕೆ, ಇವ್ಳಿಗೆ ಕಣ್ಣಿಲ್ವಾ?"

ಮೈದಾನಕ್ಕೆ ಸುಣ್ಣದ ಗೆರೆ ಇರಲಿಲ್ಲ. ಹುಲ್ಲನ್ನು ನಮ್ಮ ಕುರಿಗಳೇ ಮೇದು ಸಮ ಮಾಡುತ್ತಿದ್ದವು. ಎರಡೂ ಬದಿಗೆ ನೋಡುವವರು ಸಾಲಾಗಿ ಕಂಬಳಿ ಹಾಸಿ ಕೂರುತ್ತಿದ್ದರು, ಆ ಕಂಬಳಿಯ ಅಂಚೇ ಗೆರೆ. ಚೆಂಡು ಕಂಬಳಿ ಮುಟ್ಟಿತೋ, ಔಟ್. ಒಮ್ಮೆ ಹಾಸಿದ ಕಂಬಳಿಯನ್ನು ಯಾರೂ ಸರಿಸುವಂತಿರಲಿಲ್ಲ. ಹಾಸಿಟ್ಟು ಟೀ ಕುಡಿಯಲು ಹೋದರೂ ಜಾಗ ನಿಮ್ಮದೇ. ಕುರಿ ಉಣ್ಣೆ ಮತ್ತು ಕಂಬಳಿಯ ನೂಲಿಗೆ ಹಚ್ಚಿದ ಹುಣಸೆಬೀಜದ ಗಂಜಿಯ ಆ ವಾಸನೆ, ಪಕ್ಕದಲ್ಲಿ ಕರಿಯುತ್ತಿದ್ದ ಮೆಣಸಿನಕಾಯಿ ಬಜ್ಜಿಯ ಘಾಟು, ನನಗೆ ಫುಟ್‌ಬಾಲ್ ಎಂದರೆ ಇವತ್ತಿಗೂ ಅದೇ.

ಆಟ ಶುರುವಾಗುವ ಮೊದಲೇ ಕೋಚ್‌ನ ವಿಚಾರಣೆ ಶುರುವಾಗುತ್ತಿತ್ತು. ಕಾಲೇಜಿನ ತಂಡವನ್ನು ತಯಾರು ಮಾಡುತ್ತಿದ್ದವರು ಪಿ.ಟಿ. ಮೇಷ್ಟ್ರು ದಾದಾಪೀರ್. "ಹೊಳೆ ಮರಳಾಗೆ ಓಡ್ಸಿ ಓಡ್ಸಿ ಹುಡುಗ್ರನ್ನ ಸವೆಸಿಬಿಟ್ರು" ಎಂದು ಟೀ ಅಂಗಡಿ ಕಾಟಪ್ಪ ಗೊಣಗುತ್ತಿದ್ದ. "ಸುಮ್ಕಿರಲೇ, ಮರಳಾಗೆ ಓಡಿದ ಕಾಲು ಇಲ್ಲಿ ಹಾರ್ತೈತೆ" ಎಂದು ಅಜ್ಜಿ ಅವನ ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಅವಳಿಗೂ ಒಂದು ತಕರಾರಿತ್ತು. ಅವಳ ಕಿರಿಯ ಮಗ, ನನ್ನ ಚಿಕ್ಕಪ್ಪ ತಿಪ್ಪೇಶಿಯನ್ನು ಮೇಷ್ಟ್ರು ಸದಾ ಹಿಂದೆ, ಗೋಲಿನ ಹತ್ತಿರ ನಿಲ್ಲಿಸುತ್ತಿದ್ದರು.

"ನನ್ ಮಗನ್ನ ಮುಂದಕ್ಕೆ ಬಿಡ್ರಿ ಮೇಷ್ಟ್ರೇ!"

"ಅಜ್ಜೀ, ಕುರಿ ಮಂದೆಗೆ ಕಾವಲು ನಾಯಿ ಬೇಕೋ ಬ್ಯಾಡ್ವೋ?"

"ನನ್ ಮಗನ್ನ ನಾಯಿ ಅಂದ್ರಾ?"

"ಒಳ್ಳೆ ನಾಯಿ ಅಂದೆ!"

ಸುತ್ತ ಕೂತವರೆಲ್ಲ ನಗುತ್ತಿದ್ದರು, ಅಜ್ಜಿಯನ್ನು ಬಿಟ್ಟು.

ಇನ್ನೊಂದು ಗುಟ್ಟಿತ್ತು. ದುರ್ಗದ, ಅಂದರೆ ಚಿತ್ರದುರ್ಗದ, ತಂಡದವರು ಚೆಂಡು ತಗೊಂಡು ನಮ್ಮ ಅಂಚಿನಲ್ಲಿ ಓಡಿ ಬಂದರೆ, ಕಂಬಳಿ ಸಾಲು ಸದ್ದಿಲ್ಲದೆ ಗೇಣುದ್ದ ಒಳಕ್ಕೆ ಜರುಗುತ್ತಿತ್ತು. ಚೆಂಡು ಕಂಬಳಿ ಮುಟ್ಟಿದರೆ ನಮ್ಮ ಹುಡುಗರಿಗೆ ಎಸೆತ. ಈ ಕಲೆಯಲ್ಲಿ ಈರಜ್ಜಿಯ ಕೈ ಎಲ್ಲರಿಗಿಂತ ಮುಂದು. ನನಗೆ ಹತ್ತಾಗಿದ್ದ ಆ ವರ್ಷ ಒಂದು ಮ್ಯಾಚಿನಲ್ಲಿ ಹಾಗೆ ಜರುಗಿದ ಕಂಬಳಿಗೆ ದುರ್ಗದ ಹುಡುಗನೊಬ್ಬ ಎಡವಿ ಬಿದ್ದು ಮೊಣಕೈ ತರಚಿಕೊಂಡ. ಜಗಳವಾಯಿತು, ಆಟ ಅರ್ಧಕ್ಕೇ ನಿಂತಿತು.

ಮರುದಿನ ಪ್ರಿನ್ಸಿಪಾಲರು ಹುಡುಗರನ್ನು ಸೇರಿಸಿ ಹೇಳಿದರಂತೆ: "ನೋಡೋರಿಗೇ ಶಿಸ್ತಿಲ್ಲ. ಈ ಊರಲ್ಲಿ ಫುಟ್‌ಬಾಲಿಗೆ ಭವಿಷ್ಯ ಇಲ್ಲ. ಇನ್ನು ಕ್ರಿಕೆಟ್." ಆ ವಾರದಲ್ಲೇ ಮೈದಾನದ ನಡುವೆ ಪಿಚ್‌ಗೆಂದು ಗೂಟ ಹೊಡೆದು ದಾರ ಕಟ್ಟಿದರು. ಚಿಕ್ಕಪ್ಪ ತಟ್ಟೆಯ ಮುಂದೆ ಕೂತವನು ಮುದ್ದೆ ಮುರಿಯಲಿಲ್ಲ. "ಆಟ ಇಲ್ದಿದ್ರೆ ನಾನು ಕಾಲೇಜಿಗೆ ಹೋಗಲ್ಲ ಕಣವ್ವ" ಎಂದ. ನಮ್ಮ ವಂಶದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವನು ಅವನು. ಅಜ್ಜಿ ಕಂಬಳಿ ಕೊಡವಿ ಮಡಚಿಟ್ಟಳು.

ಭಾನುವಾರ ಮ್ಯಾಚ್ ಇರಲಿಲ್ಲ. ಆದರೂ ನಾವು ಹೋದೆವು. ಅಜ್ಜಿ ಮೈದಾನದ ಅಂಚಿಗೆ ಕುರಿ ಕಟ್ಟುವ ಹಗ್ಗವನ್ನು ನೆಟ್ಟಗೆ ಎಳೆದು, ಅದರಾಚೆ ಕಂಬಳಿ ಹಾಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿದಳು. ಕಾಟಪ್ಪ ಬಂದ, ಇನ್ನೊಬ್ಬ ಬಂದ, ನೋಡನೋಡುತ್ತಾ ಎರಡೂ ಬದಿ ತುಂಬಿತು. ಸೈಕಲ್ಲಿನಲ್ಲಿ ಬಂದ ಮೇಷ್ಟ್ರು ಬೆರಗಾಗಿ ನಿಂತರು.

"ಇವತ್ತು ಆಟ ಇಲ್ಲ ಅಜ್ಜಿ."

"ಗೊತ್ತೈತೆ ಮೇಷ್ಟ್ರೇ. ಜಾಗ ಹಿಡ್ದಿದೀವಿ."

ಸುದ್ದಿ ತಿಳಿದು ಪ್ರಿನ್ಸಿಪಾಲರೂ ಬಂದರು. ಎಲ್ಲರೂ ಏಳಿ ಎಂದರು. ಯಾರೂ ಏಳಲಿಲ್ಲ. ಅಜ್ಜಿ ಕೂತಲ್ಲಿಂದಲೇ ಹೇಳಿದಳು: "ಮೋಸ ಮಾಡಿದ್ದು ನಾವು ಸಾರ್, ಹುಡುಗ್ರಲ್ಲ. ದಂಡ ನಮಗೆ ಹಾಕ್ರಿ, ಆಟಕ್ಯಾಕೆ ಹಾಕ್ತೀರಿ? ಈ ಕಂಬಳಿ ಮುಟ್ಟಿ ಹೇಳ್ತೀನಿ, ಇನ್ಮೇಲೆ ಇದು ಅಲ್ಲಾಡಲ್ಲ." ಕಂಬಳಿ ಮುಟ್ಟಿ ಮಾಡಿದ ಆಣೆಗೆ ನಮ್ಮಲ್ಲಿ ದೇವರ ಮುಂದಿನ ಆಣೆಯಷ್ಟೇ ತೂಕ. ಅದು ಪ್ರಿನ್ಸಿಪಾಲರಿಗೂ ಗೊತ್ತಿತ್ತೆಂದು ಕಾಣುತ್ತದೆ. ಮೂಲೆಯ ಕಲ್ಲುಗಳನ್ನು ನೋಡಿ, "ಒಂದು ಮ್ಯಾಚ್. ಕಂಬಳಿ ಸರಿದರೆ ಅಲ್ಲಿಗೆ ಮುಗೀತು" ಎಂದರು.

ನಡುವಿನ ಗೂಟ ಕಿತ್ತು ಅಂಚಿಗಿಟ್ಟರು, ದುರ್ಗದವರು ಮತ್ತೆ ಬಂದರು. ಪ್ರಿನ್ಸಿಪಾಲರು ಕುರ್ಚಿ ಹಾಕಿಸಿಕೊಂಡು ನಮ್ಮೆದುರೇ ಕೂತರು. ಆಟ ಮುಗಿಯಲು ಬಂದರೂ ಎರಡೂ ಕಡೆ ಗೋಲಿಲ್ಲ. ಆಗ ಅದೇ ಮೊಣಕೈ ತರಚಿದ ಹುಡುಗ ಚಿಕ್ಕಪ್ಪನನ್ನು ದಾಟಿಕೊಂಡು ನಮ್ಮ ಅಂಚಿಗೇ ಓಡಿ ಬಂದ. ಹಳೇ ಚಾಳಿ, ಅಷ್ಟೂ ಕೈಗಳು ಕಂಬಳಿಯತ್ತ ಚಾಚಿದವು.

"ಕೈ ಮೇಲೆತ್ರಲೇ ಎಲ್ಲಾ!" ಅಜ್ಜಿ ಕೂಗಿದಳು.

ಸಾಲಿಗೆ ಸಾಲೇ ಕೈ ಎತ್ತಿತು. ಚೆಂಡು ನನ್ನ ಮೂಗಿನ ಮುಂದೆ, ಕಂಬಳಿಯಿಂದ ಬೆರಳಷ್ಟು ಆಚೆ ಉರುಳಿಕೊಂಡು ಹೋಯಿತು. ಒಂದೇ ಒಂದು ಜಗ್ಗು ಸಾಕಿತ್ತು. ಯಾರೂ ಜಗ್ಗಲಿಲ್ಲ. ಗೋಲಾಯಿತು, ನಾವು ಸೋತೆವು. ನಾನು ಅತ್ತೆ. ಅಜ್ಜಿ ಆ ಹುಡುಗನನ್ನು ಕರೆದು, "ಚೆನ್ನಾಗಿ ಓಡ್ದೆ, ತಗಾ" ಎಂದು ಮಡಿಲಿನ ಕಡಲೆಕಾಯಿ ಕೊಟ್ಟಳು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಈಗ್ಲಾದ್ರೂ ಮುಂದಕ್ಕೆ ಬಿಡ್ರಿ ನನ್ ಮಗನ್ನ" ಎಂದಳು. ಮರುದಿನ ಗೂಟ, ದಾರ ಮೈದಾನದಿಂದಲೇ ಹೋದವು. ಚಿಕ್ಕಪ್ಪ ಕಾಲೇಜು ಮುಗಿಸಿದ, ಕೊನೆಯವರೆಗೂ ಹಿಂದೆಯೇ ನಿಂತು.

ಈಗ ಮೈದಾನಕ್ಕೆ ಎತ್ತರದ ಕಾಂಪೌಂಡಿದೆ, ಗೇಟಿಗೆ ಬೀಗವಿದೆ, ಒಳಗೆ ತಂಡವಿಲ್ಲ. ಕುರಿಗೂ ಪ್ರವೇಶವಿಲ್ಲ, ನಮಗೂ ಇಲ್ಲ. ನಮ್ಮ ಮಕ್ಕಳು ಎಲ್ಲೋ ದೂರದೇಶದ ಕೋಚನ್ನು ಮೊಬೈಲಿನಲ್ಲೇ ಬೈಯುತ್ತಾರೆ, ಆ ಬೈಗುಳ ಅವನ ಕಿವಿಗೆ ಬೀಳುವುದೇ ಇಲ್ಲ. ಫುಟ್‌ಬಾಲ್ ನಮ್ಮ ಸೀಮೆಯ ಆಟವಲ್ಲ ಬಿಡಿ ಎಂದು ತಿಳಿದವರು ನನಗೆ ಹೇಳುತ್ತಾರೆ. ಬಿಡುವುದಿಲ್ಲ. ಅದು ನಮ್ಮ ಕುರಿ ಮೇದ ನೆಲ, ನಮ್ಮ ಜನ ಗೆರೆಯಾಗಿ ಕೂತ ನೆಲ.

ಹೋದ ಚಳಿಗಾಲ ಒಂದು ಭಾನುವಾರ ಅಜ್ಜಿಯ ಕಂಬಳಿ ತೆಗೆದುಕೊಂಡು ಹೋಗಿ ಆ ಗೇಟಿನ ಮುಂದೆ ಹಾಸಿದೆ. ಕಾವಲಿನವನು ಓಡಿ ಬಂದ.

"ಏನಮ್ಮಾ ಇದು? ಒಳಗೆ ಆಟ ಏನೂ ಇಲ್ಲ."

"ಗೊತ್ತೈತೆ ಕಣಪ್ಪ. ಜಾಗ ಹಿಡ್ದಿದೀನಿ" ಎಂದು, ನಾಲ್ಕೂ ಮೂಲೆಗೆ ಕಲ್ಲಿಟ್ಟು ಕೂತೆ.